ಕಿಕ್‌ಆಫ್ ಆದಮೇಲೆ ಚೆಂಡು ಯಾರದ್ದು?

2025ರ ಸೆಪ್ಟೆಂಬರ್ 14. ಪಿಟ್ಸ್‌ಬರ್ಗ್‌ನಲ್ಲಿ ಸ್ಟೀಲರ್ಸ್ ಮತ್ತು ಸಿಯಾಟಲ್ ಸೀಹಾಕ್ಸ್ ನಡುವೆ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪಂದ್ಯ. ನಾಲ್ಕನೇ ಕ್ವಾರ್ಟರ್ ಈಗಷ್ಟೇ ಶುರುವಾಗಿದೆ. ಸಿಯಾಟಲ್‌ನ ಜೇಸನ್ ಮೈಯರ್ಸ್ ಫೀಲ್ಡ್ ಗೋಲ್ (ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ಪಡೆಯುವ ಮೂರು ಅಂಕ) ಹೊಡೆದು ತಂಡವನ್ನು 17–14ರ ಮುನ್ನಡೆಗೆ ತಂದರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಂಕ ಗಳಿಸಿದ ತಂಡವೇ ಆಮೇಲೆ ಚೆಂಡನ್ನು ಎದುರಾಳಿ ಕಡೆಗೆ ಒದೆಯಬೇಕು. ಅದೇ ಕಿಕ್‌ಆಫ್. ಮೈಯರ್ಸ್ ಒದ್ದರು. ಸ್ಟೀಲರ್ಸ್‌ನ ಹೊಸ ಹುಡುಗ ಕೇಲೆಬ್ ಜಾನ್ಸನ್ ಚೆಂಡು ಹಿಡಿಯಲು ಹೋದರು. ಅದು ಅವರ ಕೈಗೆ ತಾಗಿ, ಜಾರಿ, ಹಿಂದಿನ ಎಂಡ್ ಝೋನ್‌ಗೆ, ಅಂದರೆ ಮೈದಾನದ ತುದಿಯಲ್ಲಿ ಗೋಲ್ ಗೆರೆಯಾಚೆಗಿನ ಪಟ್ಟಿಗೆ, ಉರುಳಿಹೋಯಿತು.

ಜಾನ್ಸನ್ ಅದರ ಹಿಂದೆ ಓಡಲಿಲ್ಲ. ಎಂಡ್ ಝೋನ್‌ಗೆ ಹೋಯಿತಲ್ಲ, ಇನ್ನೇನು ಆಟ ನಿಂತಿತು ಅನ್ನುವಂತೆ ಪಕ್ಕಕ್ಕೆ ನಡೆದುಬಿಟ್ಟರು. ಸಿಯಾಟಲ್‌ನ ಜಾರ್ಜ್ ಹೊಲಾನಿ ಮಾತ್ರ ಓಡುತ್ತಲೇ ಇದ್ದರು. ಎಂಡ್ ಝೋನ್ ಒಳಗೇ ಹಾರಿ ಚೆಂಡಿನ ಮೇಲೆ ಬಿದ್ದರು. ಟಚ್‌ಡೌನ್! ಅಂದರೆ ಎದುರಾಳಿಯ ಎಂಡ್ ಝೋನ್‌ನಲ್ಲಿ ಚೆಂಡು ತಮ್ಮದಾಗಿಸಿಕೊಂಡದ್ದಕ್ಕೆ ಆರು ಅಂಕ. ಹೆಚ್ಚುವರಿ ಅಂಕವೂ ಸೇರಿ 24–14. ಪಂದ್ಯ ಮುಗಿದಾಗ 31–17.

ಈ ವಿಡಿಯೊ ನೋಡಿದವರಲ್ಲಿ ಎಷ್ಟೋ ಜನ ಕೇಳಿದ ಪ್ರಶ್ನೆ ಒಂದೇ. ಒದ್ದವರೇ ಓಡಿಹೋಗಿ ಚೆಂಡು ಎತ್ತಿಕೊಳ್ಳಬಹುದಾ? ಹಾಗಿದ್ದರೆ ಪ್ರತಿ ಸಲ ಯಾಕೆ ಹಾಗೆ ಮಾಡಲ್ಲ?

ಎತ್ತಿಕೊಳ್ಳಬಹುದು. ಆದರೆ ಅದಕ್ಕೆ ಶರತ್ತುಗಳಿವೆ. ನಿಯಮ ಪುಸ್ತಕದಲ್ಲಿ ಇದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅಷ್ಟನ್ನೂ ಓದುವ ತಾಪತ್ರಯ ಬೇಡ, ಒಂದು ಮಾತು ಮನಸ್ಸಿಗೆ ಹತ್ತಿದರೆ ಮುಕ್ಕಾಲು ಪಾಲು ಗೊಂದಲ ಹೋಗುತ್ತದೆ. ಕಿಕ್‌ಆಫ್ ಅಂದರೆ ಎದುರಾಳಿಗೆ ಚೆಂಡು ಒಪ್ಪಿಸುವುದಲ್ಲ. ಚೆಂಡನ್ನು ನಡುವೆ ಎಸೆದು 'ಹಿಡಿದವರದ್ದು' ಅನ್ನುವುದು. ಒದ್ದ ತಂಡ ಸ್ವಲ್ಪ ಹೊತ್ತು ಕೈಕಟ್ಟಿಕೊಂಡಿರಬೇಕು, ಅಷ್ಟೇ ವ್ಯತ್ಯಾಸ.

ಆ ಸ್ವಲ್ಪ ಹೊತ್ತು ಅಂದರೆ ಎಷ್ಟು? ಅದನ್ನು ಗಡಿಯಾರದಲ್ಲಿ ಅಳೆಯಲ್ಲ, ಗಜದಲ್ಲಿ ಅಳೆಯುತ್ತಾರೆ. ಚೆಂಡು ಒದ್ದ ಜಾಗದಿಂದ 10 ಗಜ ಮುಂದಕ್ಕೆ ಹೋಗಬೇಕು. ಅಂದರೆ 30 ಅಡಿ. ಅಲ್ಲಿವರೆಗೆ ಒದ್ದ ತಂಡದವರು ಅದನ್ನು ಮುಟ್ಟುವಂತಿಲ್ಲ. 10 ಗಜ ದಾಟಿತೋ, ಅದು ಇಬ್ಬರಿಗೂ ಸಮಾನ. ಹಿಡಿಯುವ ತಂಡಕ್ಕೆ, ಅಂದರೆ ಒದೆತ ಎದುರಿಸುವವರಿಗೆ, ಈ ಗಡಿಯ ಹಂಗೇ ಇಲ್ಲ. ಅವರು ಮೂರು ಗಜದಲ್ಲೂ ಮುಟ್ಟಬಹುದು, ಒಂದು ಗಜದಲ್ಲೂ ಮುಟ್ಟಬಹುದು. ಆದರೆ ಅವರು ಮುಟ್ಟಿದ ಆ ಕ್ಷಣಕ್ಕೇ 10 ಗಜದ ಕಟ್ಟು ಬಿದ್ದುಹೋಗುತ್ತದೆ, ಒದ್ದವರೂ ಮುಗಿಬೀಳಬಹುದು.

ಕಬಡ್ಡಿ ನೋಡುವವರಿಗೆ ಇದು ಸುಲಭ. ರೈಡರ್‌ಗೂ ಡಿಫೆಂಡರ್‌ಗೂ ಮುಟ್ಟಾಟ ಆಗುವವರೆಗೆ ಲಾಬಿ ಅನ್ನೋದು ಹೊರಗಿನ ಜಾಗ, ಕಾಲಿಟ್ಟರೆ ಔಟ್. ಮುಟ್ಟಿದ ಮೇಲೆ ಅದೇ ಲಾಬಿ ಅಂಕಣಕ್ಕೆ ಸೇರುತ್ತದೆ. ಒಂದು ಸ್ಪರ್ಶಕ್ಕೆ ಮೈದಾನದ ಕಾನೂನೇ ಬದಲಾಗುತ್ತದಲ್ಲ, ಇಲ್ಲೂ ಹಾಗೇ.

ಈ 10 ಗಜದ ನಿಯಮ ಅರ್ಥ ಆಗಬೇಕಾದರೆ 2020ರ ಸೆಪ್ಟೆಂಬರ್ 20ರ ಒಂದು ಒದೆತ ನೋಡಬೇಕು. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ಮತ್ತು ಅಟ್ಲಾಂಟಾ ಫಾಲ್ಕನ್ಸ್ ಆಡುತ್ತಿದ್ದರು. ಒಂದು ಹಂತದಲ್ಲಿ 20–0 ಹಿಂದಿದ್ದ ಡಲ್ಲಾಸ್ ಹೇಗೋ ತೆವಳಿಕೊಂಡು 37–39ಕ್ಕೆ ಬಂದಿತ್ತು. ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಈಗ ಡಲ್ಲಾಸ್ ಕಿಕ್‌ಆಫ್ ಮಾಡಬೇಕು. ಮಾಮೂಲಿಯಂತೆ ದೂರ ಒದ್ದರೆ ಅಟ್ಲಾಂಟಾ ಚೆಂಡು ಹಿಡಿದು ಸುಮ್ನೆ ಗಡಿಯಾರ ಓಡಿಸುತ್ತದೆ, ಕತೆ ಮುಗಿಯಿತು. ಹಾಗಾಗಿ ಬೇಕಂತಲೇ ಹತ್ತಿರಕ್ಕೆ ಒದ್ದು, ತಾವೇ ಹಿಡಿಯಲು ನೋಡುವುದು. ಇದಕ್ಕೆ ಆನ್‌ಸೈಡ್ ಕಿಕ್ ಅನ್ನುತ್ತಾರೆ.

ಕಿಕ್ಕರ್ ಗ್ರೆಗ್ ಝುರ್ಲೈನ್ ಚೆಂಡನ್ನು ನಿಲ್ಲಿಸಲು ಸ್ಟ್ಯಾಂಡ್ ಬಳಸಲಿಲ್ಲ. ನೆಲದ ಮೇಲೆ ಅಡ್ಡ ಮಲಗಿಸಿ, ಪಕ್ಕದಿಂದ ಮೆಲ್ಲಗೆ ತಿರುವಿ ಒದ್ದರು. ಬುಗುರಿ ತರ ಗಿರಕಿ ಹೊಡೆಯುತ್ತಾ, ಬಾಗುತ್ತಾ, ನಿಧಾನಕ್ಕೆ ಹೊರಟಿತು ಚೆಂಡು. ಅಟ್ಲಾಂಟಾದ ಆಟಗಾರರು ಅದರ ಪಕ್ಕದಲ್ಲೇ ಇದ್ದರು. ಒಬ್ಬರಲ್ಲ, ನಾಲ್ಕಾರು ಜನ. ಯಾರಾದರೂ ಬಗ್ಗಿ ಅದರ ಮೇಲೆ ಬಿದ್ದಿದ್ದರೆ ಪಂದ್ಯ ಅಲ್ಲಿಗೇ ಅವರದ್ದು. ಅವರು ಬೀಳಲಿಲ್ಲ. 10 ಗಜ ತಲುಪದೆ ತಾನಾಗೇ ನಿಂತುಹೋಗುತ್ತದೆ ಅಂದುಕೊಂಡವರ ಹಾಗೆ ನೋಡುತ್ತಾ ನಿಂತರು. ಡಲ್ಲಾಸ್‌ನ ಸಿ. ಜೆ. ಗುಡ್‌ವಿನ್ ಕೂಡ ಚೆಂಡಿನ ಜೊತೆಜೊತೆಗೇ ಹೆಜ್ಜೆ ಹಾಕುತ್ತಿದ್ದರು. ಮುಟ್ಟಲಿಲ್ಲ, ಮುಟ್ಟುವಂತಿರಲಿಲ್ಲ. ಗೆರೆ ದಾಟಿದ್ದೇ ತಡ, ಮೇಲೆ ಬಿದ್ದು ಅಪ್ಪಿಕೊಂಡರು. ಕೊನೆಯಲ್ಲಿ ಅದೇ ಝುರ್ಲೈನ್ 46 ಗಜದ ಫೀಲ್ಡ್ ಗೋಲ್ ಹೊಡೆದರು. ಡಲ್ಲಾಸ್ 40, ಅಟ್ಲಾಂಟಾ 39.

ಅಂದು ಅಟ್ಲಾಂಟಾಗೆ ಕಾಯುವ ಅಗತ್ಯವೇ ಇರಲಿಲ್ಲ ಅನ್ನೋದೇ ನನಗೆ ಇದರಲ್ಲಿ ದೊಡ್ಡ ಪಾಠ. ಕಾಯುವ ಕಟ್ಟುಪಾಡು ಒದ್ದವರಿಗೆ ಮಾತ್ರ. ಆ ಎರಡು ಮೂರು ಸೆಕೆಂಡಲ್ಲಿ ಕಾನೂನು ಪೂರ್ತಿ ಹಿಡಿಯುವವರ ಪರ ಇತ್ತು, ಅವರೇ ಅದನ್ನು ಬಿಟ್ಟುಕೊಟ್ಟರು.

ಇಲ್ಲಿ ಒಂದು ಸೂಕ್ಷ್ಮ ಇದೆ. 10 ಗಜ ದಾಟಬೇಕಾದದ್ದು ಚೆಂಡು, ಆಟಗಾರನಲ್ಲ. ಆಟಗಾರ ಗೆರೆಯಾಚೆ ನಿಂತು, ಕೈ ಚಾಚಿ, ಒಂಬತ್ತೂವರೆ ಗಜದಲ್ಲಿರುವ ಚೆಂಡನ್ನು ಬೆರಳ ತುದಿಯಲ್ಲಿ ಮುಟ್ಟಿದರೂ ತಪ್ಪೇ. ಮುಟ್ಟಿದ ಕ್ಷಣದಲ್ಲಿ ಚೆಂಡು ಎಲ್ಲಿತ್ತು ಅನ್ನೋದಷ್ಟೇ ಲೆಕ್ಕ. ಇಂಥ ಸಂದರ್ಭದಲ್ಲಿ ರೆಫರಿಗಳು ಗೆರೆಯ ಎರಡು ತುದಿಯಲ್ಲಿ ನಿಂತು ಕಣ್ಣು ಕೀಲಿಸಿರುತ್ತಾರೆ. ಕಾಲೇಜು ಫುಟ್‌ಬಾಲ್‌ನಲ್ಲಿ ಒದ್ದವರು ಅವಸರಪಟ್ಟು ಮುಟ್ಟಿದರೆ ಹಿಡಿಯುವ ತಂಡ ಆ ಜಾಗದಲ್ಲೇ ಚೆಂಡು ತಗೊಳ್ಳಬಹುದು.

ಇನ್ನು 'ಮುಟ್ಟುವುದು' ಅಂದರೆ ಏನು? ಬೇಕಂತಲೇ ಮುಟ್ಟಬೇಕು ಅಂತೇನಿಲ್ಲ. ಬೆನ್ನು ಹಾಕಿ ನಿಂತವನ ಕಾಲಿಗೆ ತಾಗಿದರೂ ಮುಟ್ಟಿದ ಹಾಗೇ. ಹೆಲ್ಮೆಟ್‌ಗೆ ಬಡಿದರೂ ಹಾಗೇ.

ಹೆಲ್ಮೆಟ್ ಅಂದರೆ ಗ್ರೀನ್ ಬೇ ಊರಿನವರಿಗೆ ಈಗಲೂ ಹೊಟ್ಟೆ ಉರಿಯುವ ಒಂದು ಸಂಗತಿ ಇದೆ. 2015ರ ಜನವರಿ 18. ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಹೋಗುವ ಕೊನೆಯ ಮೆಟ್ಟಿಲು, ಎದುರಾಳಿ ಸಿಯಾಟಲ್. ಗ್ರೀನ್ ಬೇ ಪ್ಯಾಕರ್ಸ್ ಅರ್ಧ ಆಟಕ್ಕೆ 16–0 ಮುಂದಿತ್ತು. ಕೊನೆಯ ಎರಡು ನಿಮಿಷ ಚಿಲ್ಲರೆ ಇರುವಾಗ ಸಿಯಾಟಲ್ 14–19ಕ್ಕೆ ಬಂದು ಆನ್‌ಸೈಡ್ ಕಿಕ್‌ಗೆ ಹೊರಟಿತು. ಇಂಥ ಒದೆತ ಎದುರಿಸುವಾಗ ಹಿಡಿಯುವ ತಂಡ ಕೈ ಗಟ್ಟಿ ಇರುವವರನ್ನೇ ಆರಿಸಿ ನಿಲ್ಲಿಸುತ್ತದೆ. ಹ್ಯಾಂಡ್ಸ್ ಟೀಮ್ ಅಂತ ಅದಕ್ಕೆ ಹೆಸರು. ಅದರೊಳಗೂ ಕೆಲಸ ಹಂಚಿಕೆ ಇರುತ್ತದೆ. ಮುಂದಿನ ಸಾಲಿನವರು ನುಗ್ಗಿ ಬರುವವರನ್ನು ತಡೆಯಬೇಕು, ಹಿಂದಿರುವವರು ಚೆಂಡು ಹಿಡಿಯಬೇಕು. ಪ್ಯಾಕರ್ಸ್‌ನ ಬ್ರಾಂಡನ್ ಬಾಸ್ಟಿಕ್ ಅವರ ಕೆಲಸ ತಡೆಯುವುದು. ಹಿಡಿಯಲು ಹಿಂದೆ ಜೋರ್ಡಿ ನೆಲ್ಸನ್ ಇದ್ದರು, ತಂಡದಲ್ಲೇ ಒಳ್ಳೆಯ ಕೈ. ಆದರೆ ಚೆಂಡು ನೆಲಕ್ಕೆ ಬಡಿದು ಎತ್ತರಕ್ಕೆ ಪುಟಿದು ನೇರ ತಮ್ಮ ಕಡೆಗೇ ಬರುವಾಗ ಬಾಸ್ಟಿಕ್ ತಡೆಯಲಾರದೆ ಜಿಗಿದರು. ಚೆಂಡು ಕೈ ತಪ್ಪಿ ಹೆಲ್ಮೆಟ್‌ಗೆ ಬಡಿದು ಚಿಮ್ಮಿತು, ಸಿಯಾಟಲ್‌ನ ಕ್ರಿಸ್ ಮ್ಯಾಥ್ಯೂಸ್ ಅದನ್ನು ಬಾಚಿಕೊಂಡರು. ಹೆಚ್ಚುವರಿ ಸಮಯದಲ್ಲಿ ಸಿಯಾಟಲ್ 28–22ರಲ್ಲಿ ಗೆದ್ದಿತು.

ಆನ್‌ಸೈಡ್ ಕಿಕ್ಕನ್ನು ಯಾಕೆ ಯಾವಾಗಲೂ ಮೊದಲು ನೆಲಕ್ಕೆ ಬಡಿಯುವಂತೆ ಒದೆಯುತ್ತಾರೆ ಅಂತ ಗಮನಿಸಿದ್ದೀರಾ? ಸ್ಟೈಲ್‌ಗಲ್ಲ. ಚೆಂಡು ನೆಲ ಮುಟ್ಟದೆ ಗಾಳಿಯಲ್ಲೇ ಬಂದರೆ ಹಿಡಿಯುವವನು ಕೈ ಎತ್ತಿ ಬೀಸಿ ಫೇರ್ ಕ್ಯಾಚ್ ಕೇಳಬಹುದು. ಆಗ ಅವನನ್ನು ಯಾರೂ ಮುಟ್ಟುವ ಹಾಗಿಲ್ಲ, ಆರಾಮಾಗಿ ಹಿಡಿಯುತ್ತಾನೆ. ಒಮ್ಮೆ ನೆಲಕ್ಕೆ ಬಡಿದರೆ ಎನ್‌ಎಫ್‌ಎಲ್‌ನಲ್ಲಿ ಆ ರಕ್ಷಣೆ ಇಲ್ಲ. ಅದಕ್ಕೇ ಕಿಕ್ಕರ್ ಚೆಂಡಿನ ಮೇಲ್ಭಾಗಕ್ಕೆ ಒದ್ದು ನೆಲಕ್ಕೆ ಗುದ್ದಿಸುತ್ತಾನೆ. ಮೊದಲೇ ಅದು ಎರಡು ಕಡೆ ಚೂಪಾದ ಚೆಂಡು, ಯಾವ ಕಡೆ ಪುಟಿಯುತ್ತದೆ ಅಂತ ದೇವರಿಗೇ ಗೊತ್ತು. ಕಾಲೇಜು ಆಟದಲ್ಲಿ ಈ ಜಾಣತನಕ್ಕೆ ಕಡಿವಾಣ ಹಾಕಿದ್ದಾರೆ. ಒದ್ದ ತಕ್ಷಣ ಒಂದೇ ಸಲ ನೆಲಕ್ಕೆ ಬಡಿದು ಎತ್ತರಕ್ಕೆ ಹಾರಿದ ಚೆಂಡನ್ನು ನೇರ ಗಾಳಿಯಲ್ಲಿ ಬಂದದ್ದೆಂದೇ ನೋಡುತ್ತಾರೆ, ಫೇರ್ ಕ್ಯಾಚ್ ಕೇಳಬಹುದು.

ಸರಿ, ಒದ್ದ ತಂಡವೇ ಚೆಂಡು ಹಿಡಿಯಿತು ಅಂತಿಟ್ಟುಕೊಳ್ಳಿ. ಹಾಗೇ ಎತ್ತಿಕೊಂಡು ಓಡಿ ಅಂಕ ಗಳಿಸಬಹುದಾ? ಹೊಸದಾಗಿ ನೋಡುವವರು ಜಾಸ್ತಿ ಎಡವುವ ಜಾಗ ಇದು. ಸಾಮಾನ್ಯವಾಗಿ ಆಗಲ್ಲ. ಹಿಡಿದ ಜಾಗದಲ್ಲೇ ಆಟ ನಿಲ್ಲುತ್ತದೆ, ಅಲ್ಲಿಂದ ಅವರ ಹೊಸ ಸರದಿ ಶುರು. ಓಡಲು ಬಿಟ್ಟರೆ ಪ್ರತಿ ಕಿಕ್‌ಆಫ್‌ನಲ್ಲೂ ಒದ್ದವರು ಚೆಂಡು ಕಿತ್ತು ಪರಾರಿಯಾಗಲು ನೋಡುತ್ತಾರೆ. ಆದರೆ ಹಿಡಿಯುವ ತಂಡದವನು ಚೆಂಡನ್ನು ಪಕ್ಕಾ ಕೈವಶ ಮಾಡಿಕೊಂಡು, ಆಮೇಲೆ ಬೀಳಿಸಿದರೆ ಮಾತು ಬೇರೆ. ಅದು ಫಂಬಲ್. ಆಗ ಒದ್ದವರು ಎತ್ತಿಕೊಂಡು ಓಡಬಹುದು, ಟಚ್‌ಡೌನ್ ಕೂಡ ಮಾಡಬಹುದು. ಕೈಗೆ ಸಿಗದೇ ಬರೀ ತಾಗಿ ಜಾರಿದರೆ ಅದು ಮಫ್. ಮಫ್ ಆದ ಚೆಂಡನ್ನು ಒದ್ದವರು ಹಿಡಿಯಬಹುದು, ಓಡುವಂತಿಲ್ಲ.

ಹಾಗಾದರೆ ಹೊಲಾನಿಗೆ ಹೇಗೆ ಟಚ್‌ಡೌನ್ ಸಿಕ್ಕಿತು? ಅವರು ಓಡಲಿಲ್ಲವಲ್ಲ. ಚೆಂಡು ಹಿಡಿದ ಜಾಗವೇ ಎಂಡ್ ಝೋನ್. ಆಟ ಅಲ್ಲೇ ನಿಂತಿತು, ನಿಂತ ಜಾಗಕ್ಕೇ ಆರು ಅಂಕ.

ಇಂಥದ್ದೇ ಇನ್ನೊಂದು 2017ರ ಜನವರಿ 1ರಂದು ಆಗಿತ್ತು. ನ್ಯೂಯಾರ್ಕ್ ಜೆಟ್ಸ್ ಒದ್ದ ಚೆಂಡನ್ನು ಬಫಲೋ ಬಿಲ್ಸ್‌ನವರು ಹಿಡಿಯದೆ ಬಿಟ್ಟರು, ಜೆಟ್ಸ್‌ನ ಡಗ್ ಮಿಡಲ್ಟನ್ ಎಂಡ್ ಝೋನ್‌ನಲ್ಲಿ ಅದನ್ನು ಹಿಡಿದು ಟಚ್‌ಡೌನ್ ಪಡೆದರು. ಯಾರೂ ಮೈಮೇಲೆ ಬಿದ್ದು ಕಿತ್ತುಕೊಂಡದ್ದಲ್ಲ. ಬೇಡ ಅಂತ ಬಿಟ್ಟದ್ದನ್ನು ಎತ್ತಿಕೊಂಡದ್ದು.

ವೃತ್ತಿಪರ ಆಟಗಾರರಿಗೇ ಇದು ಮರೆತುಹೋಗುತ್ತದಾ ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಪಂಟ್. 10 ಗಜ ಗಳಿಸಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದಕ್ಕೂ ಮುಂದೆ ಹೋಗಲಾಗದ ತಂಡ ಚೆಂಡನ್ನು ದೂರ ಒದ್ದುಬಿಡುತ್ತದಲ್ಲ, ಅದು ಪಂಟ್. ನೋಡಲು ಕಿಕ್‌ಆಫ್ ತರವೇ: ಒಬ್ಬ ಒದೆಯುತ್ತಾನೆ, ಆ ತುದಿಯಲ್ಲಿ ಒಬ್ಬ ಕಾಯುತ್ತಾನೆ. ಕಾನೂನು ಮಾತ್ರ ಪೂರ್ತಿ ಉಲ್ಟಾ. ಪಂಟ್‌ನಲ್ಲಿ ಹಿಡಿಯುವ ತಂಡ ಚೆಂಡನ್ನು ಮುಟ್ಟದೆ ದೂರ ನಿಂತರೆ ಅಪಾಯವೇ ಇಲ್ಲ. ಒದ್ದವರು ಹೋಗಿ ಹಿಡಿದರೂ ಚೆಂಡು ಹಿಡಿಯುವ ತಂಡಕ್ಕೇ. ಅದಕ್ಕೇ ಪಂಟ್ ಪುಟಿಯುತ್ತಿದ್ದರೆ ಎಲ್ಲರೂ 'ದೂರ ಸರಿಯಿರಿ' ಅಂತ ಕೂಗಾಡುತ್ತಾರೆ. ಅದೇ ಅಭ್ಯಾಸ ಕಿಕ್‌ಆಫ್‌ನಲ್ಲಿ ಮಾಡಿದರೆ ಕೆಟ್ಟಿರಿ. ಪಂಟ್‌ನಲ್ಲಿ ಬಿಟ್ಟವನು ಬುದ್ಧಿವಂತ, ಕಿಕ್‌ಆಫ್‌ನಲ್ಲಿ ಬಿಟ್ಟವನು ತಂಡ ಮುಳುಗಿಸಿದ. ಪಂಟ್‌ನಲ್ಲೂ ಒಮ್ಮೆ ಹಿಡಿಯುವ ತಂಡಕ್ಕೆ ಚೆಂಡು ತಾಗಿಬಿಟ್ಟರೆ ಅಲ್ಲೂ 'ಹಿಡಿದವರದ್ದು' ಶುರುವಾಗುತ್ತದೆ ಅನ್ನಿ.

ಇನ್ನು ಚೆಂಡಿನ ಮೇಲೆ ರಾಶಿ ಬಿದ್ದಾಗ ಏನಾಗುತ್ತದೆ ಅಂತ ಕ್ಯಾಮೆರಾಗೂ ಕಾಣಲ್ಲ. ಹತ್ತು ಹನ್ನೆರಡು ಜನ ಒಬ್ಬರ ಮೇಲೊಬ್ಬರು. ಕೆಳಗೆ ಚಿವುಟಾಟ, ಬೆರಳು ತಿರುಚಾಟ ಎಲ್ಲ ನಡೆಯುತ್ತದೆ ಅಂತ ಆಡಿದವರೇ ಹೇಳುತ್ತಾರೆ. ರೆಫರಿಗಳು ಒಬ್ಬೊಬ್ಬರನ್ನೇ ಎಳೆದು ತೆಗೆದು, ತಳದಲ್ಲಿರುವವನ ಕೈಯಲ್ಲಿ ಏನಿದೆ ನೋಡಿ, ಚೆಂಡು ಸಿಕ್ಕ ತಂಡ ಯಾವ ಕಡೆ ಆಡುತ್ತದೋ ಆ ಕಡೆಗೆ ಕೈ ತೋರಿಸುತ್ತಾರೆ. ಎರಡೂ ತಂಡದವರು ಒಟ್ಟಿಗೇ ಹಿಡಿದಿದ್ದರೆ? ಆಗ ಚೆಂಡು ಒದೆತ ಎದುರಿಸಿದ ತಂಡಕ್ಕೆ.

ಆ ರಾಶಿಯ ಅತಿ ದೊಡ್ಡ ಉದಾಹರಣೆ 2010ರ ಫೆಬ್ರವರಿ 7ರ ಸೂಪರ್ ಬೌಲ್. ಮಯಾಮಿಯಲ್ಲಿ ನಡೆದ ಆಟ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅರ್ಧ ಆಟಕ್ಕೆ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಎದುರು 6–10 ಹಿಂದಿತ್ತು. ಎರಡನೇ ಅರ್ಧ ಶುರುವಾಗುವುದೇ ಸೇಂಟ್ಸ್ ಕಿಕ್‌ಆಫ್‌ನಿಂದ. ಆಗ ಯಾರೂ ಆನ್‌ಸೈಡ್ ಕಿಕ್ ಮಾಡಲ್ಲ, ಅದು ಕೊನೇ ಗಳಿಗೆಯ ಅಸ್ತ್ರ. ಸೇಂಟ್ಸ್ ಮಾಡಿಬಿಟ್ಟಿತು. ಥಾಮಸ್ ಮಾರ್ಸ್ಟೆಡ್ ಒದ್ದದ್ದು ಕೋಲ್ಟ್ಸ್‌ನ ಹ್ಯಾಂಕ್ ಬಾಸ್ಕೆಟ್‌ಗೆ ತಾಗಿ ಹಾರಿತು. ಎಲ್ಲರೂ ಬಿದ್ದರು. ತುಂಬಾ ಹೊತ್ತು ರಾಶಿ ಕರಗಲೇ ಇಲ್ಲ. ಕೊನೆಗೆ ತಳದಲ್ಲಿ ಸೇಂಟ್ಸ್‌ನ ಕ್ರಿಸ್ ರೀಸ್ ಚೆಂಡು ಬಿಗಿಹಿಡಿದಿದ್ದರು. ಆ ಸರದಿಯಲ್ಲೇ ಟಚ್‌ಡೌನ್ ಬಂತು, ಕಪ್ 31–17ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಯಿತು.

ಇಂದು ಹಾಗೆ ಹೇಳದೇ ಕೇಳದೇ ಮಾಡಲು ಎನ್‌ಎಫ್‌ಎಲ್‌ನಲ್ಲಿ ದಾರಿಯಿಲ್ಲ. ಯಾಕೆಂದರೆ 2024ರಿಂದ ಕಿಕ್‌ಆಫ್ ರೂಪವೇ ಬದಲಾಗಿದೆ. ಹಳೆಯ ಪದ್ಧತಿಯಲ್ಲಿ ಒದ್ದ ತಂಡದವರು ಮೈದಾನದುದ್ದಕ್ಕೂ ಓಡಿಬಂದು ಗುದ್ದುತ್ತಿದ್ದರು, ತಲೆಗೆ ಪೆಟ್ಟಾಗುವುದು ಜಾಸ್ತಿ ಇತ್ತು. ಈಗ ಕಿಕ್ಕರ್ ಒಬ್ಬನೇ ತನ್ನ ಕಡೆಯ 35ನೇ ಗಜದ ಗೆರೆಯಲ್ಲಿ (ಗೆರೆಗಳನ್ನು ಆಯಾ ತಂಡದ ಗೋಲ್ ಗೆರೆಯಿಂದ ಎಣಿಸುತ್ತಾರೆ) ಇರುತ್ತಾನೆ. ಅವನ ಉಳಿದ ಹತ್ತು ಜನ ಎದುರಾಳಿಯ 40ನೇ ಗೆರೆಯಲ್ಲಿ, ಅವರಿಗೆ ಐದು ಗಜ ಎದುರಲ್ಲೇ ಹಿಡಿಯುವ ತಂಡದ ಬಹುತೇಕರು. ಚೆಂಡು ನೆಲಕ್ಕೆ ಬೀಳುವವರೆಗೆ ಅಥವಾ ಹಿಡಿಯುವವನಿಗೆ ತಾಗುವವರೆಗೆ ಈ ಎರಡು ಸಾಲು ಅಲುಗಾಡುವಂತಿಲ್ಲ. ಮೊದಲ ಸಲ ನೋಡಿದಾಗ ಗ್ರೂಪ್ ಫೋಟೊಗೆ ನಿಂತ ಹಾಗೆ ಕಾಣುತ್ತದೆ, ನಿಜ.

ಒದ್ದ ಚೆಂಡು ಎದುರಾಳಿಯ ಗೋಲ್ ಗೆರೆಯಿಂದ 20ನೇ ಗಜದವರೆಗಿನ ಜಾಗದಲ್ಲಿ ಬೀಳಬೇಕು. ಅದರ ಹೆಸರು ಲ್ಯಾಂಡಿಂಗ್ ಝೋನ್. ಅಲ್ಲಿಗೂ ತಲುಪದಿದ್ದರೆ ಚೆಂಡು ಹೊರಗೆ ಹೋದ ಹಾಗೆ ಲೆಕ್ಕ, ಹಿಡಿಯುವ ತಂಡ ತನ್ನ 40ನೇ ಗೆರೆಯಿಂದ ಆಡುತ್ತದೆ. ಲ್ಯಾಂಡಿಂಗ್ ಝೋನ್‌ನಲ್ಲಿ ಬಿದ್ದು ಎಂಡ್ ಝೋನ್‌ಗೆ ಉರುಳಿದರೆ ಹಿಡಿಯುವವನು ಎತ್ತಿಕೊಂಡು ಓಡಬೇಕು, ಇಲ್ಲವೇ ಅಲ್ಲೇ ಹಿಡಿದು ಮಂಡಿಯೂರಬೇಕು. ಮಂಡಿಯೂರಿದರೆ 20ನೇ ಗೆರೆ. ಬಿಟ್ಟು ನಡೆದರೆ ಚೆಂಡು ಇನ್ನೂ ಜೀವಂತ. ಪಿಟ್ಸ್‌ಬರ್ಗ್‌ನಲ್ಲಿ ಜಾನ್ಸನ್ ಒಂದು ಮಂಡಿ ಊರಿದ್ದರೂ ಸಾಕಿತ್ತು. ಚೆಂಡು ನೇರ ಎಂಡ್ ಝೋನ್‌ಗೇ ಬಂದು ಅಲ್ಲೇ ಮಂಡಿಯೂರಿದರೆ 2025ರ ನಿಯಮದಂತೆ 35ನೇ ಗೆರೆ. ಅಷ್ಟೊಂದು ಗಜ ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಕಿಕ್ಕರ್‌ಗಳು ಬೇಕಂತಲೇ ಗೋಲ್ ಗೆರೆಗಿಂತ ಸ್ವಲ್ಪ ಮುಂಚೆ, ತಗ್ಗಾಗಿ, ಪುಟಿಯುವಂತೆ ಒದೆಯುತ್ತಾರೆ. ಹಿಡಿಯುವವರ ಕೈ ಜಾರುವ ಸಂದರ್ಭಗಳೂ ಇದರಿಂದಲೇ ಬರುತ್ತವೆ.

ಆನ್‌ಸೈಡ್ ಕಿಕ್ ಬೇಕಿದ್ದರೆ? ಮೊದಲೇ ರೆಫರಿಗೆ ಹೇಳಬೇಕು. 2024ರಲ್ಲಿ ನಾಲ್ಕನೇ ಕ್ವಾರ್ಟರ್‌ನಲ್ಲಿ ಹಿಂದೆ ಬಿದ್ದ ತಂಡಕ್ಕೆ ಮಾತ್ರ ಅವಕಾಶ ಇತ್ತು. 2025ರಲ್ಲಿ ಹಿಂದಿರುವ ತಂಡ ಯಾವ ಕ್ವಾರ್ಟರ್‌ನಲ್ಲಾದರೂ ಕೇಳಬಹುದು ಅಂತ ಮಾಡಿದರು. ಹೇಳಿದ ಮೇಲೆ ಎಲ್ಲರೂ ಹಳೆಯ ರೀತಿಯಲ್ಲಿ ಹತ್ತಿರ ನಿಲ್ಲುತ್ತಾರೆ, 10 ಗಜದ ಕಾನೂನು ಮತ್ತೆ ಜಾರಿಗೆ ಬರುತ್ತದೆ. ಆನ್‌ಸೈಡ್ ಅಂತ ಹೇಳಿ, ಎಲ್ಲರನ್ನೂ ಮುಂದಕ್ಕೆ ಕರೆಸಿ, ಆಮೇಲೆ ಖಾಲಿ ಜಾಗಕ್ಕೆ ದೂರ ಒದ್ದುಬಿಡೋಣ ಅನ್ನುವ ಕಿಲಾಡಿಗಳಿಗೂ ಔಷಧಿ ಇಟ್ಟಿದ್ದಾರೆ. ಯಾರಿಗೂ ತಾಗದೆ ಚೆಂಡು ಆ ಸಾಲುಗಳನ್ನು ದಾಟಿಹೋದರೆ ಒದ್ದವರಿಗೇ ದಂಡ, ಎದುರಾಳಿ ಒದ್ದವರ 20ನೇ ಗಜದಿಂದಲೇ ಆಟ ಶುರು ಮಾಡುತ್ತದೆ. ಅಂದರೆ ಟಚ್‌ಡೌನ್ ಬಾಗಿಲಲ್ಲೇ.

ಸೇಂಟ್ಸ್ ತರ ಹಿಂದಿದ್ದ ತಂಡ ಈಗಲೂ ಎರಡನೇ ಅರ್ಧದ ಮೊದಲ ಒದೆತವನ್ನೇ ಆನ್‌ಸೈಡ್ ಮಾಡಬಹುದು. ಕದ್ದು ಮಾಡುವ ಹಾಗಿಲ್ಲ, ಅಷ್ಟೇ. ಆದರೆ ಕದ್ದು ಮಾಡದ ಆನ್‌ಸೈಡ್ ಕಿಕ್‌ನಲ್ಲಿ ಏನು ಉಳಿದಿದೆ? 2018ರಲ್ಲೇ ಒದ್ದ ತಂಡದವರು ದೂರದಿಂದ ಓಡಿಬಂದು ನುಗ್ಗುವುದನ್ನು ನಿಲ್ಲಿಸಿದ್ದರು, ಚೆಂಡಿನ ಎರಡೂ ಕಡೆ ಐದೈದು ಜನ ಇರಲೇಬೇಕು ಅಂತಲೂ ಮಾಡಿದ್ದರು. ಒಂದೇ ಕಡೆ ಗುಂಪುಗೂಡುವ ತಂತ್ರ ಅಲ್ಲಿಗೆ ಹೋಯಿತು. ಹೊಸ ಪದ್ಧತಿಯ ಮೊದಲ ವರ್ಷ, 2024ರಲ್ಲಿ, ನೂರಕ್ಕೆ ಹತ್ತರಷ್ಟು ಕೂಡ ಒದ್ದವರ ಕೈಗೆ ಸಿಗಲಿಲ್ಲ.

ಕಾಲೇಜು ಮತ್ತು ಹೈಸ್ಕೂಲ್ ಆಟಗಳಲ್ಲಿ ಇನ್ನೂ ಹಳೆಯ ಕಿಕ್‌ಆಫೇ ಇದೆ, ಯಾವಾಗ ಬೇಕಾದರೂ ಹೇಳದೇ ಕೇಳದೇ ಆನ್‌ಸೈಡ್ ಒದೆಯಬಹುದು. ಹೈಸ್ಕೂಲ್‌ನಲ್ಲಿ ಒದ್ದ ಚೆಂಡು ಗೋಲ್ ಗೆರೆ ದಾಟಿತು ಅಂದರೆ ಅಲ್ಲಿಗೇ ಆಟ ನಿಂತಿತು, ಎಂಡ್ ಝೋನ್‌ಗೆ ನುಗ್ಗಿ ಚೆಂಡು ಹಿಡಿಯುವ ಪ್ರಶ್ನೆಯೇ ಇಲ್ಲ. ಜಾನ್ಸನ್ ಮಾಡಿದ್ದು ಅಲ್ಲಿ ನಡೆಯುತ್ತಿತ್ತು. ಕಾಲೇಜಿನಲ್ಲಿ ಹಿಡಿಯುವವರಿಗೆ ತಾಗದೇ ಎಂಡ್ ಝೋನ್ ನೆಲಕ್ಕೆ ಬಿದ್ದ ಚೆಂಡು ಸತ್ತ ಹಾಗೆ. ತಾಗಿ ಹೋದದ್ದಾದರೆ ಅಲ್ಲೂ ಓಡಬೇಕು.

ಆನ್‌ಸೈಡ್ ಕಿಕ್ಕನ್ನು ತೆಗೆದೇ ಬಿಡೋಣ ಅನ್ನುವವರೂ ಇದ್ದಾರೆ. ಫಿಲಡೆಲ್ಫಿಯಾ ಈಗಲ್ಸ್ 2020ರಲ್ಲಿ ಇಟ್ಟ ಪ್ರಸ್ತಾಪ ಹೀಗಿತ್ತು: ಒದೆಯುವ ಬದಲು, ತನ್ನ 25ನೇ ಗೆರೆಯಿಂದ ಒಂದೇ ಯತ್ನದಲ್ಲಿ 15 ಗಜ ಗಳಿಸಿದರೆ ಚೆಂಡು ತಮ್ಮಲ್ಲೇ ಇರಲಿ. ಮಾಲೀಕರು ಒಪ್ಪಲಿಲ್ಲ. ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ. ಅದು ಬಂದರೆ ಕೊನೆಯ ಗಳಿಗೆಯೂ ದೊಡ್ಡ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ಇರುವ ತಂಡದ ಪಾಲಾಗುತ್ತದೆ. ಈಗ ಹೆಸರೇ ಕೇಳಿರದ ಗುಡ್‌ವಿನ್, ರೀಸ್, ಮಿಡಲ್ಟನ್ ತರದವರು ಒಂದು ಉರುಳುವ ಚೆಂಡಿನ ಮೇಲೆ ಬಿದ್ದು ಪಂದ್ಯ ತಿರುಗಿಸಬಹುದು. ಸೋಲುವ ತಂಡಕ್ಕೆ ಅವಕಾಶ ಇಷ್ಟು ಕಮ್ಮಿ ಇರಬೇಕಾ ಅನ್ನೋದು ಮಾತ್ರ ಬೇರೆ ಜಗಳ. ಅದಕ್ಕೆ ಕಿಕ್ ತೆಗೆಯುವುದಕ್ಕಿಂತ ಒಂದೇ ಕಡೆ ಆರೇಳು ಜನ ನಿಲ್ಲಲು ಮತ್ತೆ ಬಿಟ್ಟರೆ ಸಾಕಲ್ವಾ?